ಡ್ಯೂಟಿ ಐತಿ ಅಂದ್ರ ಬರ್ತಾನ

ಒಬ್ಬರು ಸೇನೆಯಿಂದ ನಿವೃತ್ತರಾಗಿ ಮೂಡಲಗಿ ತಾಲ್ಲೂಕಿನ ತಮ್ಮ ಹಳ್ಳಿಗೆ ಮರಳಿದವರು. ಇನ್ನೊಬ್ಬರು ಮಲೆನಾಡಿನಿಂದ ಬಂದು, ಘಟಪ್ರಭೆಯ ದಂಡೆಯ ಊರುಗಳಲ್ಲೇ ದನ ನಾಯಿಗಳ ನಾಡಿ ಹಿಡಿದು ನಿವೃತ್ತರಾದ ಪಶುವೈದ್ಯರು. ಮಾತು ನಡೆದದ್ದು ಅರಭಾವಿಯಲ್ಲಿ, ವೈದ್ಯರ ಮನೆಯ ಪಡಸಾಲೆಯಲ್ಲಿ. ವಿಷಯ, ಮನಸ್ಸಿಗೆ ಗಾಯವಾಗಿ ಮರಳಿದ ಮಾಜಿ ಸೈನಿಕರಿಗೆ ಸೇವಾನಾಯಿ ಕೊಡಿಸುವುದು.

ವೈದ್ಯ: ಕೊಡಿಸುವುದಿಲ್ಲ ಅಂತಲ್ಲ. ಮುಧೋಳದ ಮರಿಯೇ ಆಗಬೇಕು ಅನ್ನುತ್ತೀರಲ್ಲ, ನನ್ನ ತಕರಾರು ಅಲ್ಲಿಂದಲೇ ಶುರು.

ಸೈನಿಕ: ಯಾಕ್ರಿ ಡಾಕ್ಟರ್ರ? ನಮ್ಮ ಮಗ್ಗಲಕ್ಕ ಹರಿಯೂ ಘಟಪ್ರಭಾನ ಮುಂದ ಮುಧೋಳಕ್ಕ ಹೋಗ್ತಾಳ. 2016ರಾಗ ಮಿಲ್ಟ್ರಿಯವ್ರು ಅಲ್ಲಿ ಮರಿ ಮೀರತ್‌ಗೆ ಒಯ್ದ್ರು. 2021ರಾಗ ಏರ್‌ಫೋರ್ಸ್‌ನವ್ರು ಒಯ್ದ್ರು, ರನ್‌ವೇ ಮ್ಯಾಲಿನ ಹಕ್ಕಿ ಓಡಸಾಕ. ಅಂಚೆ ಚೀಟಿ ಮ್ಯಾಲ ಬಂದೈತಿ, ರೇಡಿಯೋದಾಗ ಪ್ರಧಾನಿ ಹೆಸರ ತಗೊಂಡಾರ. ಇಷ್ಟೆಲ್ಲಾ ಇಟ್ಗೊಂಡು ನಮ್ಮ ಫೌಜಿ ಹುಡುಗ್ರಿಗೆ ಲ್ಯಾಬ್ರಡಾರ್ ತರಸ್ಬೇಕೇನು?

ವೈದ್ಯ: ಅಂಚೆ ಚೀಟಿ 2005ರದ್ದು. ಅದೇ ಸರಣಿಯಲ್ಲಿ ರಾಜಪಾಳ್ಯಂ, ರಾಂಪುರದ ನಾಯಿಗಳೂ ಇದ್ದವು, ಮುಧೋಳ ಒಂದೇ ಅಲ್ಲ. ಹೆಮ್ಮೆ ಇರಲಿ. ಆದರೆ ಹೆಮ್ಮೆ ನೋಡಿ ಯಾರಾದರೂ ಔಷಧಿ ಬರೆಯುತ್ತಾರೆಯೇ? ಆ ನಾಯಿಯ ಮೈಕಟ್ಟು ನೋಡಿದ್ದೀರಿ. ಉದ್ದ ಮೂತಿ, ಆಳವಾದ ಎದೆ, ಬೆನ್ನಿಗಂಟಿದ ಹೊಟ್ಟೆ. ಮೂಗಿಗಿಂತ ಕಣ್ಣನ್ನು ನೆಚ್ಚಿ ಬೇಟೆಯಾಡುವ ತಳಿ ಅದು. ಅರ್ಧ ಫರ್ಲಾಂಗಿನಾಚೆ ಒಂದು ಮೊಲ ಕಿವಿ ಅಲ್ಲಾಡಿಸಿದರೆ ನೀವು ಹಿಡಿದ ಹಗ್ಗ ನಿಮ್ಮ ಕೈಯಲ್ಲಿ ಇರುವುದಿಲ್ಲ. ಘೋರ್ಪಡೆ ಅರಸರು ಐದನೇ ಜಾರ್ಜ್ ದೊರೆಗೆ ಒಂದು ಜೋಡಿ ಉಡುಗೊರೆ ಕೊಟ್ಟದ್ದು ಅದರ ಓಟ ಮೆಚ್ಚಿ. 1972ರಲ್ಲಿ ವನ್ಯಜೀವಿ ಕಾಯ್ದೆ ಬಂದು ಬೇಟೆ ನಿಂತಿತು, ನಾಯಿಯ ರಕ್ತದಲ್ಲಿ ಮಾತ್ರ ಬೇಟೆ ನಿಲ್ಲಲಿಲ್ಲ. ಗಡಿ ಕಾಯಲಿ, ಹಕ್ಕಿ ಓಡಿಸಲಿ, ಹೇಳಿಸಿಕೊಳ್ಳುವುದು ಬೇಡ. ಆದರೆ ಅಪರಿಚಿತರು ಮೈ ಮುಟ್ಟಿದರೆ ಮುದುಡಿಕೊಳ್ಳುತ್ತದೆ, ಮನೆಯಲ್ಲಿ ಒಬ್ಬರನ್ನಷ್ಟೇ ಹಚ್ಚಿಕೊಳ್ಳುತ್ತದೆ. ನಿಮಗೆ ಬೇಕಾದದ್ದು ಸಂತೆಯ ನಡುವೆ ಕೂತಲ್ಲಿ ಕೂರುವ ನಾಯಿ. ಮಗು ಬಾಲ ಜಗ್ಗಿದರೂ ತಿರುಗಿ ನೋಡಬಾರದು.

ಸೈನಿಕ: ಅಂಥಾದ್ದು ನಾಯಿ ಅಲ್ಲ ಬಿಡ್ರಿ, ಅದು ಸ್ವಾಮಿಗೋಳು.

ವೈದ್ಯ: ಅದಕ್ಕೇ ಸಿಗುವುದು ಕಷ್ಟ. ಹೊರದೇಶಗಳಲ್ಲಿ ಈ ಕೆಲಸಕ್ಕೆಂದೇ ಸಾಕಿದ ಮರಿಗಳಲ್ಲಿ ಸುಮಾರು ಅರ್ಧದಷ್ಟು ಪಾಸಾಗುವುದಿಲ್ಲ. ಒಂದು ನಾಯಿ ತಯಾರಾಗಲು ಒಂದೂವರೆ ಎರಡು ವರ್ಷ. ಅದಿರಲಿ. ನಾಯಿ ಏನು ಮಾಡಬೇಕು ಅಂತ ನಿಮ್ಮ ಲೆಕ್ಕ? ಅದನ್ನು ಹೇಳಿ, ತಳಿಯ ಮಾತು ಆಮೇಲೆ.

ಸೈನಿಕ: ರಾತ್ರಿ ಎಬ್ಬಸ್ಬೇಕು.

ವೈದ್ಯ: ಅಷ್ಟೇನಾ?

ಸೈನಿಕ: ಅಷ್ಟ ಅಂತ ಅನಬ್ಯಾಡ್ರಿ. ಕನಸಿನ್ಯಾಗ ಇರೂ ಮನಷಾನ್ನ ಮನಷಾರು ಎಬ್ಬಸಬಾರದು. ನನ್ನ ಹೆಂಡತಿ ಒಮ್ಮೆ ಭುಜ ಹಿಡದು ಅಲ್ಲಾಡಿಸ್ಯಾಳ, ನಾ ಆಕಿ ಕೈ ತಿರುವಿಬಿಟ್ಟೆ. ಎಚ್ಚರಾಗಿ ನೋಡಿದ್ರ ಆಕಿ ಗ್ವಾಡಿಗೆ ಹತ್ತಿ ನಿಂತಾಳ. ಮರುದಿನದಿಂದ ಕ್ವಾಣಿ ಬಾಗಲದಾಗ ನಿಂತು ಕಟ್ಟಿಗಿಲೆ ಕಾಟಾ ಬಡದು ಎಬ್ಬಸಾಕ ಸುರು ಮಾಡಿದ್ಲು. ನಾ ಹೊಲದ ಮನಿಗಿ ಹೋಗಿ ಮಲಗಿದೆ. ಊರ ಮಂದಿ ಏನಂದ್ರು ಗೊತ್ತೇನ್ರಿ? ರಿಟೈರ್ ಆಗಿ ಬಂದಾಂವ ಭಾಳ ಜೋರ್ ಒಕ್ಕಲತನ ಮಾಡಾಕತ್ತಾನ, ರಾತ್ರಿ ಪಂಪ್‌ಸೆಟ್ ಬಿಟ್ಟು ಬರೂದಿಲ್ಲ ಅಂದ್ರು. ನಾನೂ ಹೌದಂದೆ.

ವೈದ್ಯ: ಹಗಲು?

ಸೈನಿಕ: ಹಗಲ ಪಾಡ ಇತ್ತು, ಮದಿವಿ ಒಂದ ಬಿಟ್ಟು. ಒಂದು ಮದಿವಿ ದಿಬ್ಬಣದಾಗ ನಾ ಬೀಗರ ಸಂಗಾಟ ನಡದಿದ್ದೆ. ಹೊಸಾ ಧೋತ್ರ, ತಲಿ ಮ್ಯಾಲ ರುಮಾಲ. ಹುಡುಗ್ರು ಹಿಂದಿನಿಂದ ಆಟಂ ಬಾಂಬ್ ಹಚ್ಚಿದ್ರು. ಸಪ್ಪಳ ಕಿವಿಗಿ ಬೀಳೂದಕ್ಕಿಂತ ಮೊದಲ ನಾ ನೆಲದ ಮ್ಯಾಲ. ಎದಿ ಮಣ್ಣಿಗ ಹಚ್ಚಿ, ಎರಡೂ ಕೈ ತಲಿ ಮ್ಯಾಲ. ಬ್ಯಾಂಡಿನವ್ರು ನಿಂತ್ರು. ಯಾರೋ ನಕ್ರು. ಕಾಲು ಜಾರ್ತು ಅಂತ ನಾನೂ ನಕ್ಕು ಎದ್ದೆ, ಧೋತ್ರ ಝಾಡಿಸ್ಕೊಂಡೆ. ಅಲ್ಲಿಂದ ಮುಂದ ಮದಿವಿಗಿ ಆಹೇರಿ ಅಷ್ಟ ಕಳಸೂದು, ನಾ ಹೋಗೂದು ಬಿಟ್ಟೆ.

ವೈದ್ಯ: ಯಾರಿಗಾದರೂ ಹೇಳಿದಿರಾ? ಬೆಳಗಾವಿಯಲ್ಲಿ ಮಾಜಿ ಸೈನಿಕರ ಇಸಿಎಚ್‌ಎಸ್ ದವಾಖಾನೆ ಇದೆ. ಈಗಂತೂ 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತನಾಡುತ್ತಾರೆ. 2023ರ ಡಿಸೆಂಬರಿನಿಂದ ಪುಣೆಯ ಸೇನಾ ವೈದ್ಯಕೀಯ ಕಾಲೇಜಿನಲ್ಲಿ ಸೈನಿಕರಿಗೂ ಅವರ ಮನೆಯವರಿಗೂ ಅಂತ ಬೇರೆಯೇ ವಿಭಾಗ ಮಾಡಿದ್ದಾರೆ.

ಸೈನಿಕ: ಆಮ್ಯಾಲ ಹೋದೆ. ಗುಳಿಗಿನೂ ತಗೊಂಡೆ, ಸುಳ್ಳ ಯಾಕ ಹೇಳ್ಲಿ, ಉಪಯೋಗ ಆತು. ಆದ್ರ ಹೋಗೂದಕ್ಕ ಎಷ್ಟೋ ವರ್ಷ ಹಿಡೀತು. ಮಂಡಿಗಿ ಗುಂಡು ಬಿದ್ದಿದ್ರ ತೋರಸಾಕ ನಾಚಿಕಿ ಆಗ್ತಿತ್ತೇನು? ಮಂದಿನ ಬಂದು ನೋಡ್ತಿದ್ರು, ಸಾಲ್ಯಾಗ ಆಗಸ್ಟ್ ಹದಿನೈದಕ್ಕ ಕರದು ಹಾರ ಹಾಕ್ತಿದ್ರು. ಇದಕ್ಕ ಹಾರ ಇಲ್ಲ.

ವೈದ್ಯ: ಈ ಕಾಯಿಲೆಗೆ ಹೆಸರು ಸಿಕ್ಕಿದ್ದೇ ತಡವಾಗಿ. ಮೊದಲ ಮಹಾಯುದ್ಧದಲ್ಲಿ, 1915ರಲ್ಲಿ, ಮೈಯರ್ಸ್ ಎಂಬ ವೈದ್ಯ ಶೆಲ್ ಶಾಕ್ ಅಂತ ಬರೆದ. ತೋಪಿನ ಗುಂಡು ಹತ್ತಿರ ಸಿಡಿದು ಮಿದುಳು ಅಲುಗಿದೆ ಅಂತ ಆಗಿನ ತಿಳಿವಳಿಕೆ. ಗುಂಡಿನ ಹತ್ತಿರವೇ ಇರದವರಿಗೂ ಅದೇ ಕಾಯಿಲೆ ಬಂದಾಗ ಹೇಡಿಗಳು ಅಂದರು, ಕೆಲವರಿಗೆ ಶಿಕ್ಷೆಯನ್ನೂ ಕೊಟ್ಟರು. ಪಿಟಿಎಸ್‌ಡಿ ಎಂಬ ಹೆಸರು ಅಮೆರಿಕದ ಮನೋವೈದ್ಯರ ಪುಸ್ತಕದಲ್ಲಿ ಸೇರಿದ್ದು 1980ರಲ್ಲಿ, ವಿಯೆಟ್ನಾಮ್‌ನಿಂದ ಮರಳಿದವರ ಒತ್ತಾಯಕ್ಕೆ. ಸರಿ, ನಾಯಿ ಎಲ್ಲಿಂದ ಬಂತು?

ಸೈನಿಕ: ನಾಯಿ ತಾನ ಬಂತ್ರಿ. ಜವಾರಿ ನಾಯಿ, ಕಂದು ಬಣ್ಣ, ಒಂದು ಕಿವಿ ಹರದಿತ್ತು. ನಮ್ಮ ಕಡೆ ಹೊಲಕ್ಕ ಥ್ರೀ ಫೇಸ್ ಕರೆಂಟ್ ರಾತ್ರಿ ಬರೂದು ನಿಮಗ ಗೊತ್ತಲ್ಲ. ಹನ್ನೆರಡಕ್ಕ ಬಂದ್ರೂ ಎದ್ದು ಮೋಟಾರ್ ಚಾಲೂ ಮಾಡ್ಬೇಕು, ಕಬ್ಬಿನ ಸಾಲಿಗಿ ನೀರ ತಿರಿವ್ಬೇಕು. ಅದು ಸಂಗಾಟ ಬರ್ತಿತ್ತು. ನಾ ಸನಿಕಿ ಹಿಡದು ಬಗ್ಗಿದ್ರ ಅದು ನನ್ನ ಬೆನ್ನಿನ ಕಡೆ ಮಾರಿ ಮಾಡಿ ಕುಂದರ್ತಿತ್ತು. ನೋಡ್ರಿ, ಅದರಾಗ ಎಲ್ಲಾ ಬಂತು. ಬೆನ್ನ ಹಿಂದ ಯಾರರ ಅದಾರ ಅನ್ನೂದ ನನ್ನ ರೋಗ. ಅದು ಹಿಂದ ಕುಂತಿದ್ರ ನಾ ತಿರುಗಿ ನೋಡೂದು ಕಡಿಮಿ ಆತು. ಒಂದಿನ ರಾತ್ರಿ ಕನಸಿನ್ಯಾಗ ಒದರಾಕತ್ತಿದ್ದೆ, ಹ್ವರಸಿನ ಮ್ಯಾಲ ಕಾಲಿಟ್ಟು ಮಾರಿ ನೆಕ್ಕಿ ಎಬ್ಬಸ್ತು. ಅದರ ಕೈ ಯಾರು ತಿರುವ್ತಾರ?

ವೈದ್ಯ: ನಿಮ್ಮ ನಾಯಿಗೆ ನಮಸ್ಕಾರ. ಆದರೆ ಅದು ಸೇವಾನಾಯಿ ಅಲ್ಲ, ಒಳ್ಳೆಯ ನಾಯಿ. ವ್ಯತ್ಯಾಸ ಇದೆ. ಸೇವಾನಾಯಿಗೆ ಕಲಿಸಿದ ಕೆಲಸ ಇರುತ್ತದೆ. ಉಸಿರು ಏರಿದ್ದು ಗೊತ್ತಾದರೆ ಮೂತಿಯಿಂದ ತಿವಿಯುತ್ತದೆ. ತೊಡೆಯ ಮೇಲೆ ಭಾರ ಹಾಕಿ ಮಲಗುತ್ತದೆ, ಆ ಭಾರಕ್ಕೆ ಎದೆಬಡಿತ ಇಳಿಯುತ್ತದೆ. ಜನ ಒತ್ತಿ ಬಂದರೆ ಒಡೆಯನಿಗೂ ಅವರಿಗೂ ನಡುವೆ ಅಡ್ಡ ನಿಲ್ಲುತ್ತದೆ. ಬೆನ್ನು ಕಾಯುವುದನ್ನು ನಿಮ್ಮ ಹರಿದ ಕಿವಿಯವನು ತಾನಾಗಿ ಮಾಡಿದ, ಅಲ್ಲಿ ಅದನ್ನು ಹೇಳಿಕೊಟ್ಟು ಮಾಡಿಸುತ್ತಾರೆ. ಅವನಿಗೆ ಹೊಳೆದದ್ದು ಇನ್ನೊಂದು ನಾಯಿಗೆ ಹೊಳೆಯುತ್ತದೆ ಅಂತ ನಂಬಿಕೊಂಡು ಹತ್ತು ಜನರಿಗೆ ಹತ್ತು ಬೀದಿನಾಯಿ ಹಂಚಿದರೆ ಎರಡು ಮನೆಯಲ್ಲಿ ಮಕ್ಕಳಿಗೆ ಕಚ್ಚುತ್ತದೆ. ನಾನು ಹೆದರಿಸುತ್ತಿಲ್ಲ. ಅಮೆರಿಕದ ಸರ್ಕಾರ 2011ರಲ್ಲಿ ಸೇವಾನಾಯಿಗಳ ಅಧ್ಯಯನ ಶುರು ಮಾಡಿ, ನಾಯಿಗಳು ಮಕ್ಕಳನ್ನು ಕಚ್ಚಿದ ಕಾರಣಕ್ಕೇ ಮರುವರ್ಷ ನಿಲ್ಲಿಸಬೇಕಾಯಿತು. ಮತ್ತೆ ಕಟ್ಟುನಿಟ್ಟಾಗಿ ನಡೆಸಿ ಫಲಿತಾಂಶ ಕೊಟ್ಟದ್ದು 2021ರಲ್ಲಿ.

ಸೈನಿಕ: ಏನಂತ ಬಂತು?

ವೈದ್ಯ: ತರಬೇತಾದ ಸೇವಾನಾಯಿ ಪಡೆದವರಿಗೂ ಸುಮ್ಮನೆ ಜೊತೆಗಿರುವ ಒಳ್ಳೆಯ ನಾಯಿ ಪಡೆದವರಿಗೂ, ಇಬ್ಬರಿಗೂ ಗುಣ ಕಂಡಿತು. ಸೇವಾನಾಯಿಯವರಿಗೆ ಸ್ವಲ್ಪ ಹೆಚ್ಚು.

ಸೈನಿಕ: ಹಂಗಾದ್ರ ನಮ್ಮ ಜವಾರಿ ಪಾಸ್ ಆದಂಗ ಅಲ್ರಿ!

ವೈದ್ಯ: ನೀವು ಕೇಳಿಸಿಕೊಳ್ಳುವುದೇ ನಿಮಗೆ ಬೇಕಾದಷ್ಟು. ಇನ್ನೊಂದನ್ನೂ ಕೇಳಿ. ಲೂಯಿಸ್ ಮೊಂಟಾಲ್ವನ್ ಅಂತ ಅಮೆರಿಕ ಸೇನೆಯ ಕ್ಯಾಪ್ಟನ್ ಒಬ್ಬರು ಇರಾಕಿನಲ್ಲಿ ಗಾಯಗೊಂಡು ಮರಳಿದರು. ಟ್ಯೂಸ್‌ಡೇ ಎಂಬ ಗೋಲ್ಡನ್ ರಿಟ್ರೀವರ್ ಅವರ ಬದುಕಿಗೆ ಬಂತು. ಆ ನಾಯಿಯನ್ನು ಪಳಗಿಸಿದವರಲ್ಲಿ ಜೈಲಿನ ಕೈದಿಗಳೂ ಇದ್ದರು. 2011ರಲ್ಲಿ ಅವರು ಬರೆದ ಪುಸ್ತಕ ಲಕ್ಷಾಂತರ ಜನರನ್ನು ಮುಟ್ಟಿತು, ಅವರಿಂದಾಗಿ ಕಾನೂನೇ ಚರ್ಚೆಗೆ ಬಂತು. 2016ರ ಡಿಸೆಂಬರಿನಲ್ಲಿ ಅವರು ತಮ್ಮ ಜೀವವನ್ನು ತಾವೇ ತೆಗೆದುಕೊಂಡರು. ಆಗ ಟ್ಯೂಸ್‌ಡೇ ಅವರ ಹತ್ತಿರ ಇರಲಿಲ್ಲ.

ಸೈನಿಕ: ನಾಯಿ ಇದ್ದಿದ್ರ ಉಳೀತಿದ್ರೇನು?

ವೈದ್ಯ: ಹಾಗೆ ಹೇಳುವುದು ನಾಯಿಯ ಮೇಲೆ ಹೊರಿಸಬಾರದ ಭಾರ ಹೊರಿಸಿದಂತೆ. ಗುಳಿಗೆ, ವೈದ್ಯರ ಮಾತು, ಮನೆಯವರು, ಇವುಗಳ ಜೊತೆಗೆ ನಾಯಿ. ಅವನ್ನೆಲ್ಲ ಬಿಟ್ಟು ನಾಯಿ ಒಂದನ್ನೇ ಕೊಡಿ ಅಂದರೆ ನಾನು ಈ ಕೆಲಸಕ್ಕೆ ಬರುವುದಿಲ್ಲ.

ಸೈನಿಕ: ಒಪ್ದೆ. ಆದ್ರ ನೀವು ಅಮೆರಿಕಾದ ತೊಡಕ ಹೇಳಾಕತ್ತೀರಿ. ನಮ್ಮ ತೊಡಕ ಬ್ಯಾರೆ ಐತಿ, ನಾ ಹೇಳ್ತೀನಿ. ನಮ್ಮ ಮನ್ಯಾಗ ನಾಯಿ ಹೊಸ್ತಿಲ ದಾಟೂದಿಲ್ಲ.

ವೈದ್ಯ: ಇದು ನನಗೆ ಹೊಳೆದಿರಲಿಲ್ಲ.

ಸೈನಿಕ: ಹೆಂಗ ಹೊಳೀತೈತಿ, ನೀವು ನಾಯಿನ ದವಾಖಾನ್ಯಾಗ ನೋಡಿದವ್ರು. ಹಿತ್ತಲದಾಗ ಇರ್ಲಿ, ದನದ ಕೊಟಗ್ಯಾಗ ಇರ್ಲಿ, ಕಟ್ಟಿ ಮ್ಯಾಲ ಮಲಗ್ಲಿ, ರೊಟ್ಟಿ ಹಾಕ್ತಾರ, ಪ್ರೀತಿನೂ ಮಾಡ್ತಾರ. ಒಳಗ ಬಂತಂದ್ರ ಅಜ್ಜಿ ಕಸಬರಗಿ ತಗೋತಾಳ. ಸೇವಾನಾಯಿ ಮಲಗ್ಬೇಕಾದ್ದು ಎಲ್ಲಿ? ಹ್ವರಸಿನ ಮಗ್ಗಲಕ್ಕ. ಹ್ವರಸ ಎಲ್ಲಿ ಐತಿ? ಒಳಗ. ಜಗಲಿ ಅಲ್ಲೇ, ದೇವರ ಅಲ್ಲೇ. ನನ್ನ ಪುಣ್ಯಾಕ್ಕ ನಾ ಹೊಲದ ಮನ್ಯಾಗ ಇದ್ದೆ, ಅದಕ್ಕ ನಾಯಿ ಒಳಗ ಬಂತು. ಊರ ಮನ್ಯಾಗ ಇದ್ದಿದ್ರ ಅದು ಹೊರಗ ಬೊಗಳ್ತಿತ್ತು, ನಾ ಒಳಗ ಒದರ್ತಿದ್ದೆ.

ವೈದ್ಯ: ಹಾಗಾದರೆ ಮುಧೋಳ, ಲ್ಯಾಬ್ರಡಾರ್ ಅಂತ ಜಗಳಾಡಿದ್ದು ದಂಡ. ಮೊದಲು ಅಜ್ಜಿಯನ್ನು ಒಪ್ಪಿಸಬೇಕು.

ಸೈನಿಕ: ಅಜ್ಜಿನ್ನ ಒಪ್ಪಸಾಕ ದಾರಿ ಐತಿ. ಮೈಲಾರಲಿಂಗ.

ವೈದ್ಯ: ಗೊರವರ ದೇವರು.

ಸೈನಿಕ: ಹೌದ್ರಿ. ನಾಯಿ ಮೈಲಾರಲಿಂಗನ ಪರಿವಾರ. ಕರಡಿ ಕೂದಲಿನ ಟೊಪಗಿ, ಕರೀ ಕಂಬಳಿ ಹಾಕ್ಕೊಂಡು ಗೊರವಯ್ಯ ಬಂದು ನಾಯಿ ಹಂಗ ಬೊಗಳ್ತಾನ, ದೋಣಿಗಿ ಹಾಕಿದ ಹಾಲು ತುಪ್ಪ ಬಾಳಿಹಣ್ಣ ನಾಲ್ಕ ಕಾಲಿನ್ಯಾಗ ಕುಂತು ಬಾಯಿಲೆ ತಿಂತಾನ. ಅಂವ ಬೊಗಳಿಕೋಂತ ಒಳಗ ಬಂದ್ರ ನಮ್ಮ ಅಜ್ಜಿ ಕಸಬರಗಿ ಹಿಡೀತಾಳೇನು? ಕಾಲಿಗಿ ಬೀಳ್ತಾಳ. ಮನಷಾ ನಾಯಿ ಆಗಿ ಬಂದ್ರ ಕಾಲಿಗಿ ಬೀಳೂ ಮಂದಿ, ಖರೇ ನಾಯಿ ಬಂದ್ರ ಒಂದು ಮೂಲ್ಯಾಗ ಜಾಗಾ ಕೊಡಾಕ ಏನಡ್ಡಿ? ಹಿಂಗ ಕೇಳಿದ್ರ ಅಜ್ಜಿ ವಿಚಾರ ಮಾಡ್ತಾಳ. ಆರೋಗ್ಯ, ವಿಜ್ಞಾನ ಅಂತ ಹೇಳಿದ್ರ ಕಿವಿಗಿನ ಹಾಕ್ಕೊಳ್ಳೂದಿಲ್ಲ.

ವೈದ್ಯ: ನೀವು ಗೊರವರ ಮಾತು ಎತ್ತಿದ್ದಕ್ಕೆ ಒಂದು ಕಲ್ಲು ನೆನಪಾಯಿತು. ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಮ್ಮಿನಲ್ಲಿದೆ. ಮಂಡ್ಯ ಜಿಲ್ಲೆಯ ಆತಕೂರಿನಿಂದ ತಂದದ್ದು. ನೋಡಿದ್ದೀರಾ?

ಸೈನಿಕ: ಇಲ್ರಿ. ಬೆಂಗಳೂರಿಗಿ ಹೋದ್ರ ಪೆನ್ಶನ್ ಕೆಲಸಕ್ಕ ಹೋಗೂದು, ಕಲ್ಲ ನೋಡಾಕ ಯಾರು ಹೋಗ್ತಾರ.

ವೈದ್ಯ: ಮುಂದಿನ ಸಲ ಹೋಗಿ. 949ರಲ್ಲಿ ತಕ್ಕೋಲದಲ್ಲಿ ರಾಷ್ಟ್ರಕೂಟರ ಮೂರನೇ ಕೃಷ್ಣನಿಗೂ ಚೋಳರಿಗೂ ದೊಡ್ಡ ಯುದ್ಧ. ಚೋಳರ ರಾಜಾದಿತ್ಯ ಅಲ್ಲೇ ಸತ್ತ. ಗಂಗರ ಬೂತುಗ ಕೃಷ್ಣನ ಪಕ್ಷ. ಬೂತುಗನ ಕಡೆ ಮಣಲೇರ ಅಂತ ಒಬ್ಬ ಯೋಧ ಇದ್ದ. ಅವನ ಕಾದಾಟ ನೋಡಿ ದೊರೆ ಮೆಚ್ಚಿ, ಏನು ಬೇಕೋ ಕೇಳು ಅಂದ. ನೀವಾಗಿದ್ದರೆ ಏನು ಕೇಳುತ್ತಿದ್ದಿರಿ?

ಸೈನಿಕ: ನೀರಾವರಿ ಹೊಲ. ಕೆನಾಲಿನ ಮಗ್ಗಲಕ್ಕ.

ವೈದ್ಯ: ಅವನು ನಾಯಿ ಕೇಳಿದ. ಕಾಳಿ ಅಂತ ಅದರ ಹೆಸರು. ನಾಯಿಯ ಹೆಸರನ್ನೂ ಶಾಸನದಲ್ಲಿ ಕೊರೆಸಿದ್ದಾರೆ. ಆಮೇಲೆ ಕಾಳಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಎರಡೂ ಕಾದಾಡಿ ಸತ್ತವು. ಮಣಲೇರ ಆತಕೂರಿನ ದೇಗುಲದ ಮುಂದೆ ಕಲ್ಲು ನಿಲ್ಲಿಸಿದ, ಭೂಮಿ ದತ್ತಿ ಬಿಟ್ಟ. ಅಲ್ಲಿನ ಗೊರವ ಆ ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಿದರೆ ಪಾಪ ತಗಲುತ್ತದೆ ಅಂತ ಬರೆಸಿದ. ಹಂದಿಯನ್ನು ಹಿಡಿದ ನಾಯಿಯ ಚಿತ್ರ ಕಲ್ಲಿನ ಮೇಲಿದೆ.

ಸೈನಿಕ: ಅಂದ್ರ ನಾಯಿಗ ವೀರಗಲ್ಲು! ಮತ್ತ ಪೂಜಿ ಮಾಡಾಂವ ಗೊರವ! ಡಾಕ್ಟರ್ರ, ಇದನ್ನ ಮೊದಲ ಹೇಳೂದ ಬಿಟ್ಟು ಮೈಯರ್ಸ್ ಅಂತ ಹೇಳಿಕೋಂತ ಕುಂತಿದ್ದೀರಲ್ರಿ.

ವೈದ್ಯ: ತಾಳಿ, ಮಣಲೇರನಿಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ ಅಂತ ಶಾಸನ ಹೇಳುವುದಿಲ್ಲ. ಬೇಟೆಯ ಹುಚ್ಚಿಗೆ ಕೇಳಿರಬಹುದು, ಕಾಳಿ ಹೆಸರಾಂತ ನಾಯಿ ಅಂತ ಕೇಳಿರಬಹುದು. ನಮಗೆ ಬೇಕಾದ ಅರ್ಥ ಹಚ್ಚಬಾರದು.

ಸೈನಿಕ: ನೀವು ಹಚ್ಚಬ್ಯಾಡ್ರಿ. ನಾ ಹಚ್ತೀನಿ. ಯುದ್ಧ ಮುಗಿಸಿ ಬಂದಾಂವ, ಭೂಮಿ ಬಂಗಾರ ಎಲ್ಲಾ ಬಿಟ್ಟು ನಾಯಿ ಕೊಡು ಅಂದ. ನನಗ ಅಷ್ಟ ಸಾಕು.

ವೈದ್ಯ: ಹಚ್ಚಿಕೊಳ್ಳಿ. ಈಗ ತಳಿಯ ಮಾತಿಗೆ ಬರೋಣ. ಸೇನೆಯ ನಾಯಿಗಳು ಮೀರತ್ತಿನ ರಿಮೌಂಟ್ ಪಶುವೈದ್ಯಕೀಯ ಕೇಂದ್ರದಲ್ಲಿ ತಯಾರಾಗುತ್ತವೆ. 1960ರಿಂದ ಅಲ್ಲಿ ನಾಯಿ ಶಾಲೆ ಇದೆ. ಮೊದಲೆಲ್ಲ ಕೆಲಸ ಮುಗಿದ ನಾಯಿಗೆ ಸೂಜಿ ಚುಚ್ಚಿ ಮಲಗಿಸಿಬಿಡುತ್ತಿದ್ದರು. ಆ ಪದ್ಧತಿ ಈಗ ಇಲ್ಲ, ನಿವೃತ್ತ ನಾಯಿಗಳನ್ನು ಸಾಕುತ್ತೇವೆ ಅಂತ ಬಂದವರಿಗೆ ಕೊಡುತ್ತಾರೆ. ಲ್ಯಾಬ್ರಡಾರ್ ಬೇಡ ಅಂದಿರಲ್ಲ, ಗುಂಡಿನ ಸದ್ದಿಗೆ ಕಿವಿ ನಿಮಿರಿಸದಂತೆ ಪಳಗಿದ ಲ್ಯಾಬ್ರಡಾರ್ ಅಲ್ಲಿ ಸಿಗುತ್ತದೆ. ನಿಮ್ಮ ಮದುವೆಯ ಆಟಂ ಬಾಂಬ್ ಅದಕ್ಕೆ ಏನೂ ಅಲ್ಲ. ಬಾಂಬ್ ಸಿಡಿದಾಗ ಪಕ್ಕದಲ್ಲಿ ಅದು ಆರಾಮಾಗಿ ಕೂತಿದ್ದರೆ ನಿಮ್ಮ ಮೈಯೂ ಅದನ್ನು ನೋಡಿ ಕಲಿಯುತ್ತದೆ.

ಸೈನಿಕ: ಆ ನಾಯಿಗೋಳ ಬಗ್ಗೆ ನನಗ ಹೇಳ್ಬೇಕಾಗಿಲ್ರಿ. ನಮ್ಮ ಕುಂದಗೋಳ ತಾಲ್ಲೂಕಿನ ಬೆಟದೂರ ಹಣಮಂತಪ್ಪ ಕೊಪ್ಪದ. 2016ರ ಫೆಬ್ರುವರಿ ಮೂರು, ಸಿಯಾಚಿನ್‌ನ ಸೋನಂ ಪೋಸ್ಟ್, ಹತ್ತೊಂಬತ್ತ ಸಾವಿರದ ಆರನೂರು ಅಡಿ. ಹಿಮ ಕುಸದು ಹತ್ತು ಮಂದಿ ಒಳಗ. ಆರನೇ ದಿನ ಅಂವ ಜೀವಂತ ಸಿಕ್ಕ. ಎಲ್ಲಿ ಅಗೀಬೇಕು ಅಂತ ತೋರಿಸಿದವ್ರಾಗ ಎರಡು ನಾಯಿ ಇದ್ದುವು, ಡಾಟ್ ಮತ್ತ ಮಿಶಾ. ದಿಲ್ಲಿ ಆಸ್ಪತ್ರ್ಯಾಗ ಫೆಬ್ರುವರಿ ಹನ್ನೊಂದಕ್ಕ ಹೋದ. ಇಡೀ ಕರ್ನಾಟಕ ಟಿವಿ ಮುಂದ ಕುಂತಿತ್ತು. ಹಣಮಂತಪ್ಪನ ಹೆಸರ ಎಲ್ಲಾರಿಗೂ ಗೊತ್ತು, ನಾಯಿ ಹೆಸರ ಫೌಜಿ ಮಂದಿಗಷ್ಟ ಗೊತ್ತು.

ವೈದ್ಯ: ನಿವೃತ್ತ ನಾಯಿ ಅಂದರೆ ಎಂಟು ಒಂಬತ್ತು ವರ್ಷದ್ದು. ಸೊಂಟ ನೋವು, ಕಣ್ಣಿಗೆ ಪೊರೆ. ಮೂರು ನಾಲ್ಕು ವರ್ಷ ಇದ್ದು ಹೋಗುತ್ತದೆ. ಅದೂ ಯೋಚಿಸಿ. ಬೇಸಿಗೆಯಲ್ಲಿ ನಿಮ್ಮ ಊರಿನ ಬಿಸಿಲಿಗೆ ಲ್ಯಾಬ್ರಡಾರ್ ನಾಲಿಗೆ ಹಾಕಿ ಬಿದ್ದುಕೊಳ್ಳುತ್ತದೆ, ಮಧ್ಯಾಹ್ನ ಹೊರಗೆ ಕರೆದೊಯ್ಯಬಾರದು. ಊಟಕ್ಕೆ, ಲಸಿಕೆಗೆ, ಉಣ್ಣೆಯ ಔಷಧಿಗೆ ತಿಂಗಳು ತಿಂಗಳು ದುಡ್ಡು. ಯಾರಿಗೆ ಕೊಡಬೇಕು ಅಂತ ನಿಮ್ಮ ಮನಸ್ಸಿನಲ್ಲಿ ಇದೆಯಾ?

ಸೈನಿಕ: ಒಬ್ಬಾಂವ ಅದಾನ. ಹುಕ್ಕೇರಿ ಕಡೆಯಾಂವ, ಹಿಡಕಲ್ ಡ್ಯಾಮಿನ ಹತ್ರದ ಊರು. ನನಗಿಂತ ಸಣ್ಣಾಂವ. ಪೋಸ್ಟಿನ್ಯಾಗ ಗೆಳ್ಯಾ ಕಣ್ಣ ಮುಂದ ಹೋದ. ಈಗ ಮನ್ಯಾಗ ಬಾಗಲ ಹಾಕ್ಕೊಂಡು ಕುಂದರ್ತಾನ. ನಾ ಎರಡ ಸರ್ತಿ ಹೋದೆ. ನನಗೇನಾಗೈತಿ, ಆರಾಮದೀನಿ ಅಂತಾನ. ನಾಯಿ ಕೊಡ್ತೀನಿ ಅಂದ್ರ, ನಾ ಏನ್ ಕುರುಡನೇನು ಅಂದ.

ವೈದ್ಯ: ತಮಾಷೆ ಏನೆಂದರೆ ಈ ಕೆಲಸ ಶುರುವಾದದ್ದೇ ಕುರುಡಾದ ಸೈನಿಕರಿಂದ. 1916ರಲ್ಲಿ, ಜರ್ಮನಿಯ ಓಲ್ಡೆನ್‌ಬುರ್ಗ್‌ನಲ್ಲಿ. ಗೆರ್ಹಾರ್ಡ್ ಸ್ಟಾಲಿಂಗ್ ಎಂಬ ವೈದ್ಯ ಕಣ್ಣು ಕಳೆದುಕೊಂಡ ಒಬ್ಬ ಸೈನಿಕನ ಹತ್ತಿರ ತನ್ನ ನಾಯಿಯನ್ನು ಬಿಟ್ಟು ಸ್ವಲ್ಪ ಹೊತ್ತು ಒಳಗೆ ಹೋದನಂತೆ, ಬಂದು ನೋಡಿದರೆ ನಾಯಿ ಅವನನ್ನು ನೋಡಿಕೊಳ್ಳುತ್ತಿತ್ತಂತೆ. ಅದರಿಂದ ಶಾಲೆ ಹುಟ್ಟಿತು. ನಿಮ್ಮ ಹುಕ್ಕೇರಿಯ ಹುಡುಗನಿಗೆ ಈ ಕಥೆ ಹೇಳಿದರೆ ಬರುತ್ತಾನಾ?

ಸೈನಿಕ: ಬರೂದಿಲ್ಲ. ಕಥಿಗಿ ಬರೂದಿಲ್ಲ, ಔಷಧಕ್ಕ ಬರೂದಿಲ್ಲ. ಅದಕ್ಕ ನಾ ಒಂದು ವಿಚಾರ ಮಾಡೀನಿ. ಅವಗ ನಾಯಿ ಕೊಡೂದು ಬ್ಯಾಡ. ಅವಗ ಡ್ಯೂಟಿ ಕೊಡೂಣು.

ವೈದ್ಯ: ಅಂದರೆ?

ಸೈನಿಕ: ಇಲ್ಲಿ ನೋಡಪ್ಪಾ, ಗೋಕಾಕ ಕಡೆ ಒಬ್ಬ ಮಾಜಿ ಸೈನಿಕಗ ಭಾಳ ತ್ರಾಸ ಐತಿ, ಅವಗ ಒಂದು ನಾಯಿ ತಯಾರ ಮಾಡ್ಬೇಕು. ಮರಿ ಐತಿ, ಕಲಸಾಕ ಮಂದಿ ಇಲ್ಲ. ನೀ ಒಂದು ವರ್ಷ ಸಾಕಿ ಕಲಿಸಿಕೊಡು. ಹಿಂಗ ಕೇಳೂಣು. ನಿನಗ ಹುಷಾರಿಲ್ಲ ಅಂದ್ರ ಅಂವ ಬಾಗಲ ಹಾಕ್ತಾನ. ಡ್ಯೂಟಿ ಐತಿ ಅಂದ್ರ ಬರ್ತಾನ. ಯಾವ ಫೌಜಿನೂ ಡ್ಯೂಟಿಗಿ ಇಲ್ಲ ಅಂದಿಲ್ಲ.

ವೈದ್ಯ: ಇದನ್ನು ನೀವೇ ಯೋಚಿಸಿದಿರಾ?

ಸೈನಿಕ: ಕಬ್ಬಿಗಿ ನೀರ ಬಿಟ್ಟು ಕುಂತಾಗ ವಿಚಾರ ಮಾಡಾಕ ಟೈಮ್ ಭಾಳ ಸಿಗ್ತೈತ್ರಿ.

ವೈದ್ಯ: ಕ್ಯಾಲಿಫೋರ್ನಿಯಾದಲ್ಲಿ ರಿಕ್ ಯೌಂಟ್ ಎಂಬ ಸಮಾಜ ಕಾರ್ಯಕರ್ತ 2008ರಲ್ಲಿ ಮಾಡಿದ್ದು ಇದನ್ನೇ. ಮನಸ್ಸು ಗಾಯಗೊಂಡ ಸೈನಿಕರ ಕೈಯಲ್ಲಿ, ಬೇರೆ ಸೈನಿಕರಿಗಾಗಿ ನಾಯಿ ತಯಾರು ಮಾಡಿಸಿದ. 2021ರಲ್ಲಿ ಅಮೆರಿಕದಲ್ಲಿ ಕಾನೂನೂ ಬಂತು, ನಾಯಿಗೆ ಕಲಿಸುವುದನ್ನೇ ಚಿಕಿತ್ಸೆಯಾಗಿ ಕೆಲವು ಆಸ್ಪತ್ರೆಗಳಲ್ಲಿ ನಡೆಸಿ ನೋಡಿ ಅಂತ. ಫ್ಲಾರಿಡಾದಲ್ಲಿ ಶಾರಿ ಡ್ಯುವ್ಯಾಲ್ ಎಂಬ ತಾಯಿ, ಇರಾಕಿನಿಂದ ಬಂದ ಮಗ ಕುಗ್ಗಿಹೋದದ್ದು ನೋಡಿ 2011ರಲ್ಲಿ ಸಂಸ್ಥೆ ಕಟ್ಟಿದಳು. ಆ ಮಗ ಮೊದಲೇ ನಾಯಿ ಪಳಗಿಸುವವನು.

ಸೈನಿಕ: ಯಾಕ ಗುಣ ಆಗ್ತೈತಿ, ಅದನ್ನ ಹೇಳ್ರಿ. ನನಗ ಅನಿಸಿದ್ದಕ್ಕ ತಾಳಿ ಬರ್ತೈತೇನು ನೋಡೂಣು.

ವೈದ್ಯ: ಮರಿಗೆ ಕಲಿಸುವುದು ಹೇಗೆ ಗೊತ್ತಲ್ಲ? ಹೇಳಿದಂತೆ ಕೂತ ತಕ್ಷಣ, ಅರೆಗಳಿಗೆಯೂ ತಡ ಮಾಡದೆ, ದನಿ ಏರಿಸಿ ಶಹಬ್ಬಾಸ್ ಅನ್ನಬೇಕು. ಸಪ್ಪೆ ದನಿಯಲ್ಲಿ ಅಂದರೆ ಮರಿ ನಿಮ್ಮನ್ನು ನೋಡುವುದೇ ಇಲ್ಲ. ವರ್ಷಗಟ್ಟಲೆ ಒಂದೇ ದನಿಯಲ್ಲಿ ಮಾತನಾಡಿದ ಗಂಡಸು ದಿನಕ್ಕೆ ನೂರು ಸಲ ಖುಷಿಯ ದನಿ ತೆಗೆಯಬೇಕಾಗುತ್ತದೆ. ಮೊದಲು ನಟನೆ. ಹೊಡೆಯುವಂತಿಲ್ಲ, ಗದರಿಸುವಂತಿಲ್ಲ, ಸಿಟ್ಟು ಬಂದರೆ ಪಾಠ ಅಲ್ಲಿಗೇ ಬಂದ್. ಇನ್ನೊಂದು, ಮರಿಗೆ ನಾಲ್ಕು ತಿಂಗಳು ತುಂಬುವುದರೊಳಗೆ ಎಲ್ಲ ಸದ್ದು, ಎಲ್ಲ ಥರದ ಜನ ರೂಢಿಯಾಗಬೇಕು. ಬಸ್ ಸ್ಟ್ಯಾಂಡಿಗೆ ಒಯ್ಯಬೇಕು, ಗೋಕಾಕದ ಸಂತೆಗೆ ಒಯ್ಯಬೇಕು, ಕಬ್ಬಿನ ಟ್ರ್ಯಾಕ್ಟರ್ ಡಬ್ಬಲ್ ಟ್ರೇಲರ್ ಎಳೆದುಕೊಂಡು ಹಾಡು ಹಚ್ಚಿಕೊಂಡು ಹೋಗುವ ರಸ್ತೆಯ ಬದಿಗೆ ನಿಲ್ಲಿಸಬೇಕು.

ಸೈನಿಕ: ಮರಿನ ಒಯ್ಬೇಕಂದ್ರ ಅವನೂ ಹೋಗ್ಬೇಕು.

ವೈದ್ಯ: ತನಗಾಗಿ ಆದರೆ ಅವನು ಸಂತೆಗೆ ಕಾಲಿಡುವುದಿಲ್ಲ. ಮರಿಗಾಗಿ ಹೋಗುತ್ತಾನೆ. ಟ್ರ್ಯಾಕ್ಟರ್ ಸೈಲೆನ್ಸರ್ ಢಬ್ ಅಂದಾಗ ಮರಿ ಬೆಚ್ಚಿ ಅವನ ಕಾಲ ನಡುವೆ ನುಗ್ಗುತ್ತದೆ. ಆಗ ಅವನು ಬಗ್ಗಿ ಅದರ ಎದೆಯ ಮೇಲೆ ಅಂಗೈ ಇಟ್ಟು, ಏನಿಲ್ಲ, ಏನೂ ಆಗಿಲ್ಲ, ಟ್ರ್ಯಾಕ್ಟರ್ ಅದು ಅಂತ ಮೆತ್ತಗೆ ಹೇಳಬೇಕು. ತನ್ನ ಎದೆಯೂ ಹೊಡೆದುಕೊಳ್ಳುತ್ತಿರುವಾಗ ಹೇಳಬೇಕು. ಅವನ ಕೈ ನಡುಗಿದರೆ ಮರಿಗೆ ಗೊತ್ತಾಗುತ್ತದೆ, ಹಾಗಾಗಿ ಮರಿಯ ಸಲುವಾಗಿ ಅವನು ಉಸಿರು ನಿಧಾನ ಮಾಡಿಕೊಳ್ಳುತ್ತಾನೆ.

ಸೈನಿಕ: ತಾಳಿ ಆತು. ನಾ ಹರದ ಕಿವಿಯವಗ ಮೋಟಾರಿನ ಸಪ್ಪಳ ಅಂಜಿಕಿ ಬಿಡಸಾಕ ಹಿಂಗ ಹೇಳ್ತಿದ್ದೆ. ಯಾರಿಗಿ ಹೇಳಾಕತ್ತೀನಿ ಅಂತ ಆವಾಗ ತಿಳೀಲಿಲ್ಲ.

ವೈದ್ಯ: ಸರಿ, ಹುಕ್ಕೇರಿಯವನಿಗೆ ಮರಿ ಕೊಡೋಣ. ಲ್ಯಾಬ್ರಡಾರ್ ಅಥವಾ ಜವಾರಿ ಬೆರಕೆ, ತಾಯಿ ಶಾಂತ ಇರಬೇಕು, ಅದನ್ನು ನಾನು ನೋಡಿ ಆರಿಸುತ್ತೇನೆ. ಮುಧೋಳ ಅಲ್ಲ.

ಸೈನಿಕ: ಮುಧೋಳ ಅಲ್ಲ. ಒಪ್ಪೀನಿ ಬಿಡ್ರಿ, ಮತ್ತ ಮತ್ತ ಹೇಳಬ್ಯಾಡ್ರಿ.

ವೈದ್ಯ: ಆದರೆ ಒಂದು ಪ್ರಶ್ನೆಗೆ ನಿಮ್ಮಲ್ಲಿ ಉತ್ತರ ಬೇಕು. ಒಂದು ವರ್ಷ, ಒಂದೂವರೆ ವರ್ಷ ಅವನು ಸಾಕುತ್ತಾನೆ. ಅದು ಅವನ ಹಾಸಿಗೆಯ ಪಕ್ಕ ಮಲಗುತ್ತದೆ. ಆಮೇಲೆ ಒಂದು ದಿನ ನಾವು ಹೋಗಿ, ಕೊಡಪ್ಪ, ಗೋಕಾಕದವನಿಗೆ ಬೇಕು ಅನ್ನಬೇಕು. ಮೊದಲೇ ಗೆಳೆಯನನ್ನು ಕಳೆದುಕೊಂಡವನು. ಇನ್ನೊಂದು ಸಲ ಕೈಯಿಂದ ಕಿತ್ತುಕೊಂಡಂತೆ ಆಗುವುದಿಲ್ಲವೇ?

ಸೈನಿಕ: ಕಿತ್ಕೊಂಡಂಗ ಆಗಬಾರದಂದ್ರ ಮೊದಲ ದಿನಾನ ಹೇಳ್ಬೇಕು. ಇಂಥ ತಾರೀಕಿಗಿ ಇದರ ಪೋಸ್ಟಿಂಗ್ ಬರ್ತೈತಿ ಅಂತ. ಗೆಳ್ಯಾ ಹೋಗಿದ್ದು ಹೇಳದ ಕೇಳದ, ಅದಕ್ಕ ಅದು ಒಳಗ ಕುಂತೈತಿ. ಪೋಸ್ಟಿಂಗ್ ಹಂಗಲ್ಲ. ಟ್ರಂಕ್ ಕಟ್ಟಿ, ಸ್ಟೇಷನ್‌ಗಿ ಬಿಟ್ಟು, ಆಮ್ಯಾಲ ಫೋನ್ ಹಚ್ಚಿ ಹೆಂಗದಿಯಪ್ಪಾ ಅಂತ ಕೇಳೂದು ಇರ್ತೈತಿ. ಗೋಕಾಕದಾಂವ ವಾರಕ್ಕೊಮ್ಮೆ ಫೋನ್ ಹಚ್ಚಿ ನಾಯಿ ಸುದ್ದಿ ಹೇಳ್ಬೇಕು, ಅದು ಕರಾರು. ನಾಯಿ ಸುದ್ದಿ ಹೇಳಿಕೋಂತ ಇಬ್ರೂ ಮಾತಾಡ್ತಾರ. ಆಮ್ಯಾಲ ಹುಕ್ಕೇರಿಯವಗ ಮತ್ತೊಂದು ಮರಿ.

ವೈದ್ಯ: ಪಾಸಾಗದಿದ್ದರೆ? ಅರ್ಧ ಪಾಸಾಗುವುದಿಲ್ಲ ಅಂತ ಹೇಳಿದೆನಲ್ಲ.

ಸೈನಿಕ: ಪಾಸಾಗದ ನಾಯಿ ಅವನ ಹಂತೇಕನ ಇರ್ಲಿ. ಜವಾರಿ ಆದ್ರೂ ಗುಣ ಕಂಡೈತಿ ಅಂತ ನಿಮ್ಮ ಅಮೆರಿಕಾದವ್ರ ಬರದಾರಲ್ಲ.

ವೈದ್ಯ: ನಾನು ಹಾಗೆ ಹೇಳಲಿಲ್ಲ. ಇರಲಿ. ಆದರೆ ಆ ನಿಯಮ ಅವನಿಗೆ ಗೊತ್ತಾಯಿತು ಅಂದರೆ, ನಾಯಿ ಬಿಟ್ಟುಕೊಡಲು ಮನಸ್ಸಾಗದೆ ಪರೀಕ್ಷೆಯ ದಿನ ಅವನೇ ಬೇಕೆಂತಲೇ ಫೇಲ್ ಮಾಡಿಸುತ್ತಾನೆ.

ಸೈನಿಕ: ಮಾಡಸ್ಲಿ ಬಿಡ್ರಿ. ಬಾಗಲ ತಗದು ಪರೀಕ್ಷಾಕ್ಕ ಬಂದಾನಲ್ಲ. ಗೋಕಾಕದವಗ ಎರಡನೇ ಮರಿ ಕೊಡೂಣು.